ಮುಳುಗುವಷ್ಟು ನೀರು ಹಾಕಿ

ನನ್ನ ಹತ್ತಿರ ಇರುವ ಅಡುಗೆ ಪುಸ್ತಕಗಳಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದಕ್ಕೆ ಲೇಖಕರಿಲ್ಲ. ಅದು ಪ್ರೆಶರ್ ಕುಕ್ಕರಿನ ಪೆಟ್ಟಿಗೆಯೊಳಗೆ, ಗ್ಯಾಸ್ಕೆಟ್ಟಿನ ಪಕ್ಕದಲ್ಲಿ ಮಲಗಿ ಪುಕ್ಕಟೆ ಬಂದ ಪುಸ್ತಿಕೆ. ಒಂದು ಕಡೆ ತೊಗರಿಬೇಳೆ, ಕಡಲೆ, ಆಲೂಗಡ್ಡೆ, ಅಕ್ಕಿ ಎಂದು ಸಾಲು. ಎದುರಿಗೆ ನೀರೆಷ್ಟು, ನಿಮಿಷವೆಷ್ಟು. ಬಾಯಲ್ಲಿ ನೀರೂರಿಸುವ ಮಾತಿಲ್ಲ, ಅಜ್ಜಿಯ ಕೈರುಚಿಯ ಪೀಠಿಕೆಯಿಲ್ಲ. ಬೇಳೆಯನ್ನು ಅರ್ಧಕ್ಕಿಂತ ಮೇಲೆ ತುಂಬಬೇಡಿ, ತುಂಬಿದರೆ ಮುಂದಿನದು ನಿಮ್ಮ ಹಣೆಬರಹ ಎಂಬ ಧಾಟಿಯ ಇಷ್ಟು ಪ್ರಾಮಾಣಿಕ ಗದ್ಯವನ್ನು ನಾನು ಬೇರೆಲ್ಲೂ ಓದಿಲ್ಲ. ಅದರ ತೊಡಕು ಒಂದೇ. ಅದು ನಿಮಿಷದ ಲೆಕ್ಕ ಕೊಡುತ್ತದೆ, ನಮ್ಮ ಜನ ಸೀಟಿಯ ಲೆಕ್ಕದಲ್ಲಿ ಬೇಯಿಸುತ್ತಾರೆ. ಪೂರ್ತಿ ಒತ್ತಡ ಬಂದ ಮೇಲೆ ಉರಿ ಸಣ್ಣ ಮಾಡಿ ಗಡಿಯಾರ ನೋಡಿ ಎಂದು ಯಾವನೋ ಎಂಜಿನಿಯರು ಬರೆದದ್ದನ್ನು ಇಡೀ ಭರತಖಂಡ ಪಕ್ಕಕ್ಕಿಟ್ಟು, 'ಮೂರು ಸೀಟಿ' ಎಂದು ತೀರ್ಪು ಕೊಟ್ಟಾಗಿದೆ. ಅದರ ಮೇಲೆ ಅಪೀಲಿಲ್ಲ.

ನಾನು ಧಾರವಾಡದ ಕಡೆಯವನು. ಉತ್ತರ ಕನ್ನಡದ ಸೂಪಾ ತಾಲೂಕಿಗೆ ಮಾಸ್ತರನಾಗಿ ಬಂದಾಗ ಸೂಪಾ ಎಂಬ ಊರೇ ಅಲ್ಲಿರಲಿಲ್ಲ. ಕಾಳಿ ನದಿಗೆ ಅಡ್ಡ 101 ಮೀಟರ್ ಎತ್ತರದ ಅಣೆಕಟ್ಟು ಎದ್ದು, ಕಾಳಿಯೂ ಪಾಂಢರಿಯೂ ಕೂಡುವಲ್ಲಿದ್ದ ಊರು ನೀರಿನಡಿಗೆ ಹೋಗಿ, ತಾಲೂಕಿನ ಕಚೇರಿಗಳು ಜೋಯಿಡಾಕ್ಕೆ ಬಂದು ಕೂತಿದ್ದವು. ನೌಕರದಾರರ ಲೋಕದಲ್ಲಿ ಆಗ ಜೋಯಿಡಾ ಎಂದರೆ ತಪ್ಪು ಮಾಡಿದವರನ್ನು ಕಳಿಸುವ ಜಾಗ. ಏನೂ ತಪ್ಪು ಮಾಡದೆ ಬಂದವರನ್ನು ಜನ ಇನ್ನಷ್ಟು ಅನುಮಾನದಿಂದ ನೋಡುತ್ತಿದ್ದರು. ಖಾನಾವಳಿ ಸಂಜೆಗೇ ಮುಚ್ಚುತ್ತಿತ್ತು. ಮಳೆಗಾಲದಲ್ಲಿ ಅದು ತೆರೆಯುವುದು ಖಾನಾವಳಿಯವನ ಮನಸ್ಸಿಗೆ ಬಿಟ್ಟದ್ದು. ಹಾಗಾಗಿ ಕುಕ್ಕರ್ ಕೊಂಡೆ. ಅದರ ಜೊತೆಗೇ ಸಾಹಿತ್ಯವೂ ಮನೆಗೆ ಬಂತು.

ಆಮೇಲೆ ಅಡುಗೆ ಪುಸ್ತಕ ಓದುವುದೇ ಒಂದು ಚಟವಾಯಿತು. ಓದುವುದು ಎಂದೆ, ಗಮನಿಸಿ. ಕಾದಂಬರಿ ಓದಿದವರೆಲ್ಲ ಕೊಲೆ ಮಾಡುವುದಿಲ್ಲ, ಅಡುಗೆ ಪುಸ್ತಕ ಓದಿದವರು ಮಾತ್ರ ಬಡಿಸಲೇಬೇಕು ಎಂಬುದು ಯಾವ ನ್ಯಾಯ?

ಹಳಿಯಾಳಕ್ಕೆ ಹೋದರೆ ಮನೆಮನೆಯಲ್ಲೂ ಮರಾಠಿ. ಅಲ್ಲಿಯ ಗೆಳೆಯರ ಮನೆಯಲ್ಲಿ ನನಗೆ ಕಮಲಾಬಾಯಿ ಓಗಲೆಯವರ 'ರುಚಿರಾ' ಸಿಕ್ಕಿತು. 1970ರಲ್ಲಿ ಬಂದ ಪುಸ್ತಕ. ಲಕ್ಷಗಟ್ಟಲೆ ಪ್ರತಿ ಖರ್ಚಾಗಿದೆ. ಬರೆದಾಕೆ ಓದಿದ್ದು ನಾಲ್ಕನೇ ಇಯತ್ತೆಯವರೆಗೆ. ಬಿ.ಎಡ್. ಮಾಡಿದ ನನ್ನಂಥವರು ಪಾಠಟಿಪ್ಪಣಿ ಬರೆದರೆ ನಮಗೇ ಅರ್ಥವಾಗುವುದಿಲ್ಲ, ಆಕೆ ಬರೆದ ಚಕ್ಕುಲಿಯ ಕ್ರಮ ಓದಿದರೆ ಕಿವಿಗೆ ಕುರುಕುರು ಕೇಳಿಸುತ್ತದೆ. ಅಳತೆಯೆಲ್ಲ ವಾಟಿ ಮತ್ತು ಚಮಚೆಯಲ್ಲಿ. ಗ್ರಾಮು, ಔನ್ಸು ಎಂದು ಯಾರನ್ನೂ ಹೆದರಿಸುವುದಿಲ್ಲ. ಆದರೆ ಒಂದೊಂದು ಮನೆಯ ವಾಟಿ ಒಂದೊಂದು ಗಾತ್ರ. ಮದುವೆಯಲ್ಲಿ ಸೋದರಮಾವ ಕೊಟ್ಟ ವಾಟಿಯೇ ಆ ಮನೆಯ ಅಧಿಕೃತ ವಾಟಿ. ಮಾವನ ಕೈ ಎಷ್ಟು ಧಾರಾಳ ಎಂಬುದರ ಮೇಲೆ ಮುಂದಿನ ಎರಡು ತಲೆಮಾರಿನ ಶಿರಾದ ಸಿಹಿ ನಿಂತಿರುತ್ತದೆ. ಗೆಳೆಯನ ಮನೆಯ 'ರುಚಿರಾ' ಅವರದ್ದಲ್ಲ, ಪಕ್ಕದ ಓಣಿಯವರದ್ದು ಎಂದು ಆಮೇಲೆ ತಿಳಿಯಿತು. ಪಕ್ಕದ ಓಣಿಯವರು ಅದನ್ನು ಬೆಳಗಾವಿಯ ನೆಂಟರಿಂದ ತಂದಿದ್ದರಂತೆ. ಲಕ್ಷಗಟ್ಟಲೆ ಪ್ರತಿ ಮಾರಾಟವಾದ ಪುಸ್ತಕವನ್ನು ದುಡ್ಡು ಕೊಟ್ಟು ಕೊಂಡವರೊಬ್ಬರನ್ನು ನಾನು ಇನ್ನೂ ಭೇಟಿಯಾಗಬೇಕಾಗಿದೆ.

ಕಾರವಾರ, ಕುಮಟೆ ಕಡೆಯ ಸಾರಸ್ವತರ ಮನೆಗಳಲ್ಲಿ ಇನ್ನೊಂದು ಗ್ರಂಥ, 'ರಸಚಂದ್ರಿಕಾ'. ಮುಂಬಯಿಯ ಸಾರಸ್ವತ ಮಹಿಳಾ ಸಮಾಜದವರದ್ದು. ಈ ಜಿಲ್ಲೆಯಿಂದ ಮುಂಬಯಿಗೆ ಹೋದವರು ಅಲ್ಲಿ ಕೂತು ಇಲ್ಲಿಯ ಅಡುಗೆಯನ್ನು ಮರಾಠಿಯಲ್ಲಿ ಬರೆಸಿ, ಅಚ್ಚು ಹಾಕಿಸಿ, ಮತ್ತೆ ಇಲ್ಲಿಗೇ ಕಳಿಸಿದರು. ನನಗೆ ಅದರಲ್ಲಿ ಹಿಡಿಸಿದ್ದು ಬೇರೆ. ಅಡುಗೆಯ ಜೊತೆಗೆ ಮನೆಮದ್ದೂ ಅದೇ ಪುಸ್ತಕದಲ್ಲಿದೆ, ಹಬ್ಬಹುಣ್ಣಿಮೆಗಳ ವಿವರವೂ ಇದೆ. ಹಬ್ಬ ಯಾವುದು, ಹಬ್ಬಕ್ಕೆ ತಿನ್ನುವುದೇನು, ತಿಂದದ್ದು ಹೆಚ್ಚಾದರೆ ಕುಡಿಯುವುದೇನು ಎಂಬ ಮೂರಕ್ಕೂ ಒಂದೇ ರಟ್ಟಿನೊಳಗೆ ಉತ್ತರ. ಇಷ್ಟು ಹೊಣೆಗಾರಿಕೆ ಈಗಿನ ಪ್ರಕಾಶಕರಲ್ಲಿ ಕಾಣುವುದಿಲ್ಲ.

ದಾಂಡೇಲಿಯ ಸಂಗತಿ ಬೇರೆ. 1955ರಲ್ಲಿ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಶುರುವಾದ ಮೇಲೆ ನಾನಾ ರಾಜ್ಯಗಳ ಜನ ಅಲ್ಲಿ ಬಂದು ನೆಲೆಸಿದರು. ಪಾಳಿ ಮುಗಿಸಿ ಬಂದವರ ಅಡುಗೆಮನೆಗಳ ಒಗ್ಗರಣೆ ಒಂದೇ ಓಣಿಯಲ್ಲಿ ನಾಲ್ಕು ಭಾಷೆ ಮಾತಾಡುತ್ತಿತ್ತು. ತಮಿಳರ ಮನೆಯ ಕಪಾಟಿನಲ್ಲಿ ಮೀನಾಕ್ಷಿ ಅಮ್ಮಾಳ್ ಅವರ 1951ರ 'ಸಮೈತ್ತುಪ್ಪಾರ್' ಕಂಡಿದ್ದೇನೆ, ಮೇಲ್ಗಡೆ ದೇವರ ಫೋಟೋ. ಕನ್ನಡದವರ ಮನೆಯಲ್ಲಿ ಮಾತ್ರ ಪುಸ್ತಕಕ್ಕಿಂತ ಕತ್ತರಿಸಿದ ಹಾಳೆಗಳೇ ಜಾಸ್ತಿ. 'ಸುಧಾ', 'ತರಂಗ'ಗಳ ಹೊಸರುಚಿ ಪುಟಗಳನ್ನು ಕತ್ತರಿಸಿ ಹಳೆಯ ಡೈರಿಗೆ ಅಂಟಿಸಿದ್ದು. ಕತ್ತರಿಸಿದ ಪುಟದ ಹಿಂಬದಿಯಲ್ಲಿ ಧಾರಾವಾಹಿಯ ಅರ್ಧ ಕಂತು ಇರುತ್ತಿತ್ತು. ನಾಯಕಿ ಬಾವಿಕಟ್ಟೆ ಹತ್ತಿದಳೋ ಇಲ್ಲವೋ ಎಂಬುದು ಕ್ಯಾಬೇಜ್ ವಡೆಯ ಅಂಟಿನಡಿ ಶಾಶ್ವತವಾಗಿ ಹೂತುಹೋಗಿದೆ.

ಇಲ್ಲೇ ನನಗೆ ಒಂದು ತಮಾಷೆ ಹೊಳೆದದ್ದು. ಈ ಮಿಲ್ಲಿನಲ್ಲಿ ತಯಾರಾಗುವುದು ಬರೆಯುವ, ಅಚ್ಚು ಹಾಕುವ ಕಾಗದ. ಈಗ ನೀಲಗಿರಿ, ಸುಬಾಬುಲ್ ಅಂತ ಬೇರೆ ಮರಗಳು ಬಂದಿದ್ದರೂ ಮೊದಲು ಅದು ನೆಚ್ಚಿಕೊಂಡದ್ದು ಕಾಳಿ ಕಣಿವೆಯ ಬಿದಿರನ್ನು. ಬಿದಿರು ಚಿಕ್ಕದಿದ್ದಾಗ ಪಲ್ಯ. ದೊಡ್ಡದಾದಾಗ ಪಲ್ಯದ ಪುಸ್ತಕ. ಜೋಯಿಡಾದ ಬಿದಿರು ಲಾರಿ ಹತ್ತಿ, ತಿರುಳಾಗಿ, ಕಾಗದವಾಗಿ, ಎಲ್ಲೋ ಅಚ್ಚಾಗಿ, ಪಟ್ಟಣ ಸುತ್ತಿ ವಾಪಸು ಬಂದು, ತನ್ನ ತಮ್ಮನನ್ನು ಒಲೆಯ ಮೇಲೆ ಕಂಡರೂ ಗುರುತಿಲ್ಲದವನ ಹಾಗೆ, ಬೇಬಿಕಾರ್ನ್ ಮಂಚೂರಿ ಮಾಡುವುದು ಹೇಗೆಂದು ಬೋಧಿಸುತ್ತದೆ. ಓದಲಿಕ್ಕೆಂದು ಊರು ಬಿಟ್ಟು ಹೋಗಿ ಬಂದ ಎಷ್ಟೋ ಹುಡುಗರಲ್ಲಿ ನಾನು ಕಂಡ ಸ್ವಭಾವವೇ ಇದು.

ಯಾಕೆಂದರೆ ಜೋಯಿಡಾ, ಹಳಿಯಾಳ, ದಾಂಡೇಲಿ, ಮುಂಡಗೋಡ ಎಂಬ ಈ ನಾಲ್ಕು ತಾಲೂಕುಗಳ ಊಟ ನನ್ನ ಯಾವ ಪುಸ್ತಕದಲ್ಲೂ ಇಲ್ಲ. ಕುಣಬಿಗಳ ಮುಡ್ಲಿ ಗೆಡ್ಡೆ ಇಲ್ಲ, ಗೌಳಿಗರ ಮನೆಯ ಎಮ್ಮೆ ಮಜ್ಜಿಗೆ ಇಲ್ಲ. ಉಳವಿ ಜಾತ್ರೆಗೆ ಚಕ್ಕಡಿ ಕಟ್ಟಿಕೊಂಡು ಬರುವ ನಮ್ಮ ಧಾರವಾಡ, ಬೆಳಗಾವಿ ಕಡೆಯ ಜನ ಗಂಟಿನಲ್ಲಿ ತರುವ ಕಟಕ ರೊಟ್ಟಿ, ಶೇಂಗಾ ಹಿಂಡಿಯಾದರೂ ಎಲ್ಲೋ ಅಚ್ಚಾಗಿರಬಹುದು. ಮುಂಡಗೋಡಿನಲ್ಲಂತೂ 1966ರಿಂದ ಟಿಬೆಟನ್ನರಿದ್ದಾರೆ; ಅವರ ಮೊಮೊ ಕ್ಯಾಂಪಿನಿಂದ ಪೇಟೆಗೆ ಬಂದು ಮಿರ್ಚಿ ಭಜಿಯ ನೆರೆಮನೆಯಲ್ಲಿ ಸಂಸಾರ ಹೂಡಿದೆ. ಯಾವ ಪುಸ್ತಕವನ್ನೂ ಕೇಳಿ ಅದು ಬಂದದ್ದಲ್ಲ.

ಎಲ್ಲಕ್ಕಿಂತ ಹೆಚ್ಚು ಅನ್ಯಾಯವಾದದ್ದು ಚಗಳಿ ಚಟ್ನಿಗೆ. ಎಲೆ ಹೆಣೆದು ಮರದ ಮೇಲೆ ಗೂಡು ಕಟ್ಟುವ ಕೆಂಪಿರುವೆಯನ್ನು ಹುರಿದು, ಉಪ್ಪು, ಮೆಣಸು, ಬೆಳ್ಳುಳ್ಳಿ, ಕಾಯಿತುರಿಯೊಂದಿಗೆ ಅರೆದ ಚಟ್ನಿ. ಹುಣಸೆ ಬೇಕಿಲ್ಲ, ಹುಳಿಯನ್ನು ಇರುವೆಯೇ ತಂದಿರುತ್ತದೆ. ದಾಂಡೇಲಿಗೆ ರಾಫ್ಟಿಂಗಿಗೆಂದು ಬಂದವರು ಅದರ ಹೆಸರು ಕೇಳಿ ಮುಖ ಹಿಂಡುತ್ತಾರೆ, ಮೊದಲು ಫೋಟೋ ಹೊಡೆದುಕೊಂಡು. ಅವರಿಗೆ ನಾನು ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರನ ಕಥೆ ಹೇಳುತ್ತೇನೆ. ಹನ್ನೆರಡನೆಯ ಶತಮಾನದಲ್ಲಿ 'ಮಾನಸೋಲ್ಲಾಸ' ಬರೆಸಿದ ಈ ಚಕ್ರವರ್ತಿ, ಇಡ್ಲಿಯ ಪೂರ್ವಜರನ್ನು ವಿವರಿಸುವ ಸಂಸ್ಕೃತದಲ್ಲೇ ಹೊಲದ ಇಲಿಯನ್ನು ಹದ ಮಾಡುವ ಕ್ರಮವನ್ನೂ ವಿವರಿಸಿದ್ದಾನೆ. ಅರಮನೆಗೆ ಇಲಿ ನಡೆದರೆ ಗುಡಿಸಲಿಗೆ ಇರುವೆ ನಡೆಯಬಾರದೇ? ಇದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. ಚಟ್ನಿಯನ್ನೂ ತಿಂದಿಲ್ಲ.

ಹಳೆಯ ಗ್ರಂಥಗಳ ಮಾತು ಬಂದ ಮೇಲೆ ಮಂಗರಸನನ್ನು ಬಿಡಲಾಗದು. ಸುಮಾರು 1508ರಲ್ಲಿ ಈ ಜೈನ ಕವಿ ಕನ್ನಡದಲ್ಲಿ 'ಸೂಪಶಾಸ್ತ್ರ' ಬರೆದ, ಅದೂ ಷಟ್ಪದಿಯಲ್ಲಿ. ಬದನೆಕಾಯಿಗೆ ಅಲ್ಲಿ ಸಿಕ್ಕಿರುವ ಮರ್ಯಾದೆ ಮಹಾಕಾವ್ಯಗಳಲ್ಲಿ ಉಪನಾಯಕರಿಗೂ ಸಿಕ್ಕಿಲ್ಲ. ಕನ್ನಡ ಮಾಸ್ತರನಾಗಿ ನನಗೆ ಅದರ ಮೇಲೆ ಅಪಾರ ಗೌರವ. ಆದರೆ ಒಲೆಯ ಮುಂದೆ ಅದು ಕಷ್ಟ. ಪದ್ಯದ ಸಂಧಿ ಬಿಡಿಸಿ, ಅನ್ವಯ ಮಾಡಿ, ಬಾಣಲೆ ಇಳಿಸಬೇಕೆಂಬ ಕ್ರಿಯಾಪದ ಕೊನೆಯ ಸಾಲಿನಲ್ಲಿ ಸಿಗುವ ಹೊತ್ತಿಗೆ ಬದನೆಕಾಯಿ ಮೋಕ್ಷ ಪಡೆದಿರುತ್ತದೆ.

ಈ ಎಲ್ಲವನ್ನೂ ಒಂದೇ ನೋಟದಲ್ಲಿ ತಳ್ಳಿಹಾಕಿದವಳು ನಾನು ಬಾಡಿಗೆಗಿದ್ದ ಮನೆಯ ಆಯಿ. ಮನೆಮಾತು ಕೊಂಕಣಿ, ನನ್ನೊಂದಿಗೆ ಕನ್ನಡ, ಬೆಕ್ಕಿನೊಂದಿಗೆ ಮರಾಠಿ. ನಾನು ಒಲೆಯ ಪಕ್ಕ ಪುಸ್ತಕ ತೆರೆದಿಟ್ಟರೆ, "ಮಾಸ್ತರ್ರೇ, ಪುಸ್ತಕ ಶಾಲೆಯಲ್ಲಿ ನೋಡಿ. ಇಲ್ಲಿ ಪಾತ್ರೆ ನೋಡಿ" ಎನ್ನುತ್ತಿದ್ದಳು. 'ಮಿಕ್ಸಿಯಲ್ಲಿ ನುಣ್ಣಗೆ ರುಬ್ಬಿ' ಎಂದು ನಾನು ಓದಿ ಮುಗಿಸುವುದಕ್ಕೂ ಕರೆಂಟು ಹೋಗುವುದಕ್ಕೂ ಸರಿಯಾಗುತ್ತಿತ್ತು. ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿಯುವುದು ಈ ಕಾಡಿನ ದಿನಚರಿ. ನಾಡಿಗೆಲ್ಲ ಬೆಳಕು ಕಳಿಸುವ ಹೊಳೆಯ ಮಗ್ಗುಲಲ್ಲಿ ಕೂತು ನಾನು ಆಯಿಯ ಒರಳುಕಲ್ಲಿನ ಪಾಳಿಗೆ ಕಾಯುತ್ತಿದ್ದೆ.

ಜೋಯಿಡಾದಲ್ಲಿ ಜನವರಿ ಹೊತ್ತಿಗೆ ಗೆಡ್ಡೆಗೆಣಸಿನ ಮೇಳ ನಡೆಯುತ್ತದೆ. ಮಣ್ಣು ಒರೆಸದ ಗೆಡ್ಡೆಗಳನ್ನು ಸಾಲಾಗಿ ಇಟ್ಟುಕೊಂಡು ಕುಣಬಿ ಹೆಂಗಸರು ಕೂತಿರುತ್ತಾರೆ. ಕೆಲವು ಗೆಡ್ಡೆಗಳನ್ನು ಎತ್ತಲಿಕ್ಕೆ ಇಬ್ಬರು ಬೇಕು. ಅಂಥ ಒಂದು ಮೇಳದಿಂದ ಮುಡ್ಲಿ ತಂದವನೇ, ಸೂಪಾ ತಾಲೂಕಿಗೂ ಒಂದು ಅಡುಗೆ ಪುಸ್ತಕ ಇರಬೇಕು, ಅದನ್ನು ನಾನೇ ಬರೆಯಬೇಕು ಎಂದು ತೀರ್ಮಾನಿಸಿ ಆಯಿಯ ಮುಂದೆ ನೋಟ್‌ಬುಕ್ ಹಿಡಿದು ಕೂತೆ. ಕಳಲೆಯಿಂದ, ಎಂದರೆ ಎಳೆ ಬಿದಿರಿನಿಂದ, ಶುರು ಮಾಡಿದೆವು.

"ಮೊದಲು ಏನು ಬೇಕು?"

"ಮಳೆ."

ಬರೆದುಕೊಂಡೆ. ಬೇಕಾಗುವ ಸಾಮಗ್ರಿ: ಮಳೆ. ಮೊದಲ ಮಳೆಗೆ ಮೊಳೆತದ್ದನ್ನು ತಂದು, ಸಿಪ್ಪೆ ಸುಲಿದು, ತೆಳ್ಳಗೆ ಹೆಚ್ಚಿ ನೀರಿಗೆ ಹಾಕಬೇಕು. ಎಷ್ಟು ದಿನ? "ಕಹಿ ಹೋಗುವ ತನಕ. ದಿನಾ ನೀರು ಬದಲಿಸಬೇಕು, ಇಲ್ಲದಿದ್ದರೆ ವಿಷ." ಉಳಿದೆಲ್ಲ ಅಡುಗೆ ಪುಸ್ತಕಗಳು ಹಸಿವಿನಿಂದ ಸಾಯದಿರಲು ಕಲಿಸಿದರೆ ನನ್ನದು ತಿಂದು ಸಾಯದಿರಲು ಕಲಿಸುತ್ತದೆ ಎಂದು ಖುಷಿಯಾಯಿತು. ಆಮೇಲೆ ಮುಡ್ಲಿ. ಕೆಸುವಿನ ಜಾತಿಯದು, ತೊಳೆದು ಇಡಿಯಾಗಿಯೇ ಬೇಯಿಸಬೇಕು. ನೀರೆಷ್ಟು ಎಂದು ಕೇಳಿದೆ.

"ಮುಳುಗುವಷ್ಟು."

ಈ ತಾಲೂಕಿನಲ್ಲಿ ಆ ಅಳತೆಯನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಆಯಿಯ ತವರೇ ಆ ಅಳತೆಯಲ್ಲಿ ಹೋದದ್ದು. ಇದೇ ತಾಲೂಕಿನ ರಾಮನಗರಕ್ಕೆ ಗಂಟುಮೂಟೆ ಕಟ್ಟಿದವರಲ್ಲಿ ಅವಳ ಅಣ್ಣಂದಿರೂ ಇದ್ದರು. ಪಾತ್ರೆ ಹೊತ್ತರು, ಒರಳು ಬಿಟ್ಟರು. ಅಡುಗೆ ತಲೆಯಲ್ಲೇ ಇತ್ತು, ನೆನೆದು ಹಾಳಾಗಲು ಪುಸ್ತಕವಿರಲಿಲ್ಲ. ಇದನ್ನು ಅವಳು ಹೇಳಿದ್ದು ದುಃಖದಿಂದಲ್ಲ, ನನ್ನ ನೋಟ್‌ಬುಕ್ಕಿನ ಕಡೆ ಕರುಣೆಯಿಂದ ನೋಡುತ್ತ.

ಬೇಯುವ ಹೊತ್ತು ಕೇಳಿದೆ. ಸಿಪ್ಪೆ ತಾನೇ ಬಿಡುತ್ತದೆ ಎಂದಳು. ಸೌದೆ ಎಷ್ಟು ಎಂದರೆ, ಯಾವ ಮರದ್ದು ಎಂದು ತಿರುಗಿ ಕೇಳಿದಳು. ಉಪ್ಪಿಗೆ ಬರುವ ಹೊತ್ತಿಗೆ ಇಬ್ಬರಿಗೂ ಸಾಕಾಗಿತ್ತು. ಕೊನೆಗೆ ಎಲ್ಲ ಅಡುಗೆ ಪುಸ್ತಕಗಳಲ್ಲಿ ಇರುವ ಹಾಗೆ ಮೇಲ್ಗಡೆ 'ನಾಲ್ಕು ಜನರಿಗೆ' ಎಂದು ಬರೆದು ಓದಿ ಹೇಳಿದೆ. ಆಯಿ ಒಲೆಯಿಂದ ತಲೆಯೆತ್ತಿದಳು.

"ಐದನೆಯವ ಬಂದರೆ, ಮಾಸ್ತರ್ರೇ, ಅವನಿಗೆ ತಿನ್ನಲಿಕ್ಕೆ ಪುಸ್ತಕ ಕೊಡ್ತೀರಾ?"