ನುಡಿ ಓಡುತ್ತಾ, ಸಾರ್?

ನನ್ನ ಟ್ಯಾಬ್ಲೆಟ್ಟಿಗೆ ಮೊದಲು ಕೀಬೋರ್ಡ್ ಬಂತು, ಆಮೇಲೆ ಮೌಸ್ ಬಂತು, ಕೊನೆಗೆ ಬೆನ್ನಿಗೊಂದು ಊರುಗೋಲೂ ಬಂತು. ಎಲ್ಲ ಸೇರಿ ತೂಕದಲ್ಲೂ ಬೆಲೆಯಲ್ಲೂ ಹಳೆಯ ಲ್ಯಾಪ್‌ಟಾಪನ್ನು ಮೀರಿಸಿವೆ. ಇಷ್ಟಾದರೂ ಇದು ಕಂಪ್ಯೂಟರ್ ಹೌದೋ ಅಲ್ಲವೋ ಎಂಬುದು ಮಾತ್ರ ಇತ್ಯರ್ಥವಾಗಿಲ್ಲ.

ಟ್ಯಾಬ್ಲೆಟ್ ಕುಲದ ಮೂಲಪುರುಷರನ್ನೇ ಕೇಳೋಣವೆಂದರೆ ಅವರ ಮಾತು ಹೊತ್ತಿಗೊಂದು. 2010ರಲ್ಲಿ ಆಪಲ್‌ನ ಸ್ಟೀವ್ ಜಾಬ್ಸ್ ಐಪ್ಯಾಡ್ ತಂದಾಗ ಅದು ಅತ್ತ ಫೋನೂ ಅಲ್ಲ, ಇತ್ತ ಲ್ಯಾಪ್‌ಟಾಪೂ ಅಲ್ಲ, ಥೇಟ್ ನರಸಿಂಹಾವತಾರ. ಪಿಸಿಗಳು ಇನ್ನು ಲಾರಿಗಳಿದ್ದ ಹಾಗೆ, ಬೇಕಾಗುವುದು ಕೆಲವರಿಗಷ್ಟೇ ಎಂದರು. ಕಡ್ಡಿ ಹಿಡಿದು ತೀಡುವುದೆಂದರೆ ಅವರಿಗೆ ಆಗುತ್ತಲೇ ಇರಲಿಲ್ಲ. 2012ರಲ್ಲಿ ಅವರ ಉತ್ತರಾಧಿಕಾರಿ ಟಿಮ್ ಕುಕ್, ಟೋಸ್ಟರಿಗೆ ಫ್ರಿಜ್ ಗಂಟುಹಾಕಿದರೆ ಯಾರಿಗೂ ಹಿಡಿಸದು ಎಂದು ಟ್ಯಾಬ್ಲೆಟ್ಟನ್ನೂ ಲ್ಯಾಪ್‌ಟಾಪನ್ನೂ ಬೆರೆಸಹೊರಟವರನ್ನು ಹಂಗಿಸಿದರು. 2015ರಲ್ಲಿ ಅವರ ಟೋಸ್ಟರಿಗೇ ಕೀಬೋರ್ಡ್ ಬಂತು, ಕಡ್ಡಿಯೂ ಬಂತು. 2017ರ ಅವರ ಜಾಹೀರಾತಿನಲ್ಲಿ ಐಪ್ಯಾಡ್ ಹಿಡಿದ ಹುಡುಗಿಯೊಬ್ಬಳು ಕಂಪ್ಯೂಟರ್ ಅಂದರೇನು ಎಂದು ಮುಗ್ಧವಾಗಿ ಕೇಳಿದಳು. ಉತ್ತರ ಯಾರೂ ಹೇಳಲಿಲ್ಲ. 2020ರಲ್ಲಿ ಟ್ರ್ಯಾಕ್‌ಪ್ಯಾಡ್ ಮಾತ್ರ ಕೊಟ್ಟರು.

ಲೆಕ್ಕ ಬರೆಯುವವರದು ಇನ್ನೊಂದು ಕಥೆ. 2011ರ ಕೊನೆಯ ಮೂರು ತಿಂಗಳ ಮಾರಾಟದಲ್ಲಿ ಕ್ಯಾನಲಿಸ್ ಸಂಸ್ಥೆ ಐಪ್ಯಾಡ್‌ಗಳನ್ನೂ ಪಿಸಿ ಎಂದೇ ಎಣಿಸಿತು: ಜಗತ್ತಿಗೆಲ್ಲ ಆಪಲ್ ಮೊದಲು. ಗಾರ್ಟ್ನರ್ ಎಣಿಸಲಿಲ್ಲ: ಎಚ್‌ಪಿ ಮೊದಲು. ಉಪಜಾತಿ ಒಳಗೋ ಹೊರಗೋ ಎಂಬುದರ ಮೇಲೆ ಯಾರು ಬಹುಸಂಖ್ಯಾತರೆಂಬುದು ನಿಂತಿದೆ. ಜಾತಿಗಣತಿಯ ನಾಡಿನವರಾದ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಸುಂಕದವನ ಮುಂದೆ ಸುಖದುಃಖ ತೋಡಿಕೊಂಡರೆ ಅವನು ತಕ್ಕಡಿ ಮುಂದಿಡುತ್ತಾನೆ. ಸುಂಕದ ಪಟ್ಟಿಯ 8471.30ರ ಪ್ರಕಾರ ಕೈಯಲ್ಲಿ ಒಯ್ಯುವ ಗಣಕವೆಂದರೆ 10 ಕೆ.ಜಿ. ಮೀರದ್ದು, ಅದರಲ್ಲಿ ಸಿಪಿಯು, ಕೀಬೋರ್ಡ್, ಪರದೆ ಇದ್ದರಾಯಿತು. ಹತ್ತು ಕೆ.ಜಿ. ಅಕ್ಕಿಮೂಟೆಗೂ ಲ್ಯಾಪ್‌ಟಾಪಿಗೂ ಒಂದೇ ತೂಕದ ಕಲ್ಲು! 2023ರ ಆಗಸ್ಟ್ 3ರಂದು ಕೇಂದ್ರ ಸರ್ಕಾರ ಲ್ಯಾಪ್‌ಟಾಪನ್ನೂ ಟ್ಯಾಬ್ಲೆಟ್ಟನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿ, ಆಮದಿಗೆ ಪರವಾನಗಿ ಬೇಕೆಂದಿತು. ಮರುದಿನವೇ ಎಲೆ ಎತ್ತಿಸಿ ಊಟ ಮುಂದೂಡಿತು.

ಕಂಪ್ಯೂಟರ್ ಯಾವುದೆಂದು ಕಿತ್ತಾಡುವ ಇವರಲ್ಲಿ ಯಾರೂ ಪಿಸಿಯೊಳಗಿನ 'ಪರ್ಸನಲ್' ಎಂಬ ಪದದ ಗೊಡವೆಗೆ ಹೋಗುವುದಿಲ್ಲ. ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು, ಎನ್‌ಕೋರ್ ಕಂಪನಿಯವರ ಜೊತೆ ಸೇರಿ ರೂಪಿಸಿದ ಸಿಂಪ್ಯೂಟರ್ ನೆನಪಿದೆಯೇ? ಅಂಗೈ ಅಗಲದ್ದು, ಕಡ್ಡಿಯಿಂದ ತೀಡುವುದು, ಲಿನಕ್ಸ್ ಮೇಲೆ ಓಡುವುದು. 2004ರಲ್ಲಿ ಅದರ ಒಂದು ಅವತಾರವನ್ನು ನಮ್ಮ ಬಿಇಎಲ್ ತಯಾರಿಸಿತು. ಊರಿಗೆಲ್ಲ ಒಂದೇ ಯಂತ್ರವಿದ್ದರೂ ಸಾಕು, ನಿಮ್ಮ ಸ್ಮಾರ್ಟ್‌ಕಾರ್ಡ್ ತೂರಿಸಿದರೆ ಅಷ್ಟು ಹೊತ್ತು ಅದು ನಿಮ್ಮದು ಎಂಬ ಯೋಚನೆ ಅದರ ಹಿಂದಿತ್ತು. ನಾವು ಕೊಳ್ಳಲಿಲ್ಲ, ಅದು ಸದ್ದಿಲ್ಲದೆ ಮರೆಯಾಯಿತು. ಈಗ ಐಪ್ಯಾಡಿಗೆ ಪೂರ್ತಿ ದುಡ್ಡು ಸುರಿದವನ ಮನೆಯಲ್ಲೂ ತಂತ್ರಾಂಶ ಒಳಗೆ ಬರಬೇಕಾದರೆ ಆಪಲ್‌ನ ಕ್ಯುಪರ್ಟಿನೋದಲ್ಲಿ ಚೀಟಿ ಬರೆಸಿಕೊಂಡು ಬರಬೇಕು. ಹಂಚಿಕೊಂಡದ್ದು ನಮ್ಮದಾಗಿತ್ತು, ಕೊಂಡುಕೊಂಡದ್ದು ಬಾಡಿಗೆ ಮನೆಯಂತಿದೆ.

ಇರಲಿ. ಈ ಲೇಖನವನ್ನು ಟ್ಯಾಬ್ಲೆಟ್ಟಿನಲ್ಲೇ ಬರೆದು, ಪುಟ ಕಟ್ಟಿಸಲು ಡಿಟಿಪಿ ಅಂಗಡಿಗೆ ಒಯ್ದೆ. ಅಲ್ಲಿ ಹಳದಿಗಟ್ಟಿದ ಸಿಪಿಯು ಡಬ್ಬದ ಹಣೆಯ ಮೇಲೆ ಹೋದ ಆಯುಧಪೂಜೆಯ ಕುಂಕುಮ ಇನ್ನೂ ಇತ್ತು. ಅಂಗಡಿಯವನು ನನ್ನ ಯಂತ್ರವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ.

"ಚೆನ್ನಾಗಿದೆ. ಇದ್ರಲ್ಲಿ ನುಡಿ ಓಡುತ್ತಾ, ಸಾರ್?"

"ಯೂನಿಕೋಡ್ ಇದೆಯಪ್ಪ."

"ಅದಲ್ಲ ಸಾರ್, ನುಡಿ ಫಾಂಟು. ನನ್ನ ಪೇಜ್‌ಮೇಕರ್‌ಗೆ ಅದೇ ಬೇಕು."

"ಕನ್ವರ್ಟ್ ಮಾಡ್ಕೋ."

"ಒತ್ತಕ್ಷರ ಎಲ್ಲಾ ಹಾರ್ಹೋಗ್ತವೆ ಸಾರ್, ಆಮೇಲೆ ನೀವೇ ಬೈತೀರ. ಪೆನ್‌ಡ್ರೈವ್ ಹಾಕೋಕೂ ಇದಕ್ಕೆ ತೂತಿಲ್ಲ. ಮನೇಲಿ ಕಂಪ್ಯೂಟರ್ ಇಲ್ವಾ?"

ನಾನು ಸುಮ್ಮನಿದ್ದೆ. ಅವನಿಗೆ ಕನಿಕರ ಬಂದಿರಬೇಕು. ಟ್ಯಾಬ್ಲೆಟ್ಟನ್ನು ಕುಂಕುಮದ ಡಬ್ಬಕ್ಕೆ ಒರಗುವಂತೆ ಊರುಗೋಲಿನ ಮೇಲೆ ನಿಲ್ಲಿಸಿ, ಅದನ್ನು ನೋಡಿಕೊಂಡು ಮೊದಲ ಸಾಲಿನಿಂದ ಟೈಪ್ ಮಾಡತೊಡಗಿದ.