ಒಳಗೆ ಬರಲೊಲ್ಲದ ಕೀಲಿ

ಗೆಳೆಯ ತನ್ನ ಸಾರ್ವಜನಿಕ ಕೀಲಿಯನ್ನು ಚಾಟಿನಲ್ಲೇ ಅಂಟಿಸಿ ಕಳಿಸಿರುತ್ತಾನೆ. ಕಾಪಿ, ಪೇಸ್ಟ್, ಇಂಪೋರ್ಟ್; ಇಷ್ಟೇ ತಾನೆ ಎಂದುಕೊಂಡವರಿಗೆ ಸಂದೇಶಕ್ಕೆ ಬೀಗ ಹಾಕುವ ತಂತ್ರಾಂಶ ಜಿಪಿಜಿ ತಣ್ಣಗೆ ಹೇಳುತ್ತದೆ: 'ನೋ ವ್ಯಾಲಿಡ್ ಓಪನ್‌ಪಿಜಿಪಿ ಡೇಟಾ ಫೌಂಡ್'. ಪರದೆ ತುಂಬ ಅಕ್ಷರಗಳಿವೆಯಲ್ಲ ಸ್ವಾಮಿ!

ಮೊದಲು ನೋಡಬೇಕಾದದ್ದು ತಲೆಸಾಲು. 'ಬಿಗಿನ್ ಪಿಜಿಪಿ ಪಬ್ಲಿಕ್ ಕೀ ಬ್ಲಾಕ್' ಎಂಬುದರ ಎರಡೂ ಕಡೆ ಐದೈದು ಚಿಕ್ಕ ಗೆರೆ ಇರಲೇಬೇಕು. ಕೆಲವು ಫೋನುಗಳು ಜಾಣತನ ತೋರಿಸಲು ಹೋಗಿ ಅವನ್ನು ಸೇರಿಸಿ ಉದ್ದ ಗೆರೆ ಎಳೆದಿರುತ್ತವೆ. ಇಲ್ಲವೇ ತಲೆಸಾಲಿನ ಕೆಳಗೆ ಇರಲೇಬೇಕಾದ ಖಾಲಿ ಸಾಲನ್ನು ಯಾರೋ ಅಚ್ಚುಕಟ್ಟುಗಾರರು ಅಳಿಸಿರುತ್ತಾರೆ. 'ಫೈಲ್ ಮಾಡಿ ಕಳಿಸು ಮಾರಾಯ' ಎಂದರೆ ಅರ್ಧ ರಗಳೆ ಮುಗಿಯಿತು.

ಇದೇನು ದಡ್ಡರ ಪಾಡಲ್ಲ. ಅಮೆರಿಕದ ಸಂಶೋಧಕರಾದ ವಿಟನ್ ಮತ್ತು ಟೈಗರ್ 1999ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 12 ಜನರಿಗೆ ಜಿಪಿಜಿಯಂಥದೇ ತಂತ್ರಾಂಶವಾದ ಪಿಜಿಪಿ 5.0 ಕೊಟ್ಟು 90 ನಿಮಿಷ ಕೂರಿಸಿದ್ದರು. ಸಂದೇಶಕ್ಕೆ ಸರಿಯಾಗಿ ಸಹಿ ಹಾಕಿ ಬೀಗ ಜಡಿದವರು ಮೂರರಲ್ಲೊಂದು ಪಾಲು. ಅಮೆರಿಕದ ಬೇಹುಗಾರಿಕೆಯ ಗುಟ್ಟು ಬಯಲು ಮಾಡಿದ ಎಡ್ವರ್ಡ್ ಸ್ನೋಡೆನ್ ಕೂಡ 2013ರಲ್ಲಿ ತಂತ್ರಜ್ಞ ಮೈಕಾ ಲೀಗೆ ಬರೆದ ಮೊದಲ ಗುಪ್ತ ಪತ್ರದಲ್ಲಿ ತನ್ನ ಕೀಲಿ ಲಗತ್ತಿಸುವುದನ್ನೇ ಮರೆತಿದ್ದ. ಅಂಥವನೇ!

ಕೀಲಿ ಒಳಬಂದರೂ ಅದು ಗೆಳೆಯನದೇ ಎನ್ನಲು ಕೀಲಿಯ ಗುರುತಾದ 'ಬೆರಳಚ್ಚು' ತಾಳೆಯಾಗಬೇಕು: 40 ಅಂಕಿ-ಅಕ್ಷರ, ಫೋನಿನಲ್ಲಿ ಓದಿ.

'ಬಿ, ಬೆಂಗಳೂರಿನ ಬಿ.'

'ಡಿ ಅಂದ್ಯಾ?'

'ದಾವಣಗೆರೆ ಅಲ್ಲ ಕಣೋ, ಬೆಂಗಳೂರು!'

ಇನ್ನೆರಡೇ ಅಕ್ಷರ ಉಳಿದಾಗ ಅವನಿಗೆ ನೆನಪಾಗುತ್ತದೆ: 'ತಡಿ, ಇದು ಹಳೇ ಕೀಲಿ. ಹೋದ ತಿಂಗಳೇ ಅವಧಿ ಮುಗಿದಿದೆ.'