ಒಂದೆಳೆ ಜಮಖಾನ

ತಪ್ಪೆಲ್ಲ ನನ್ನ ಅಕ್ಕನ ಮಗನದು. ಬೆಂಗಳೂರಿನಲ್ಲಿ ವಾರವಿಡೀ ಕಂಪ್ಯೂಟರ್ ಕುಟ್ಟಿ, ಶನಿವಾರ ರಾತ್ರಿ ಯಾವುದೋ ಬ್ಯಾಂಡಿನಲ್ಲಿ ಬೇಸ್ ಗಿಟಾರ್ ಬಾರಿಸುವ ಈ ಹುಡುಗ ಒಂದು ದಿನ ಫೋನು ಮಾಡಿ, "ಮಾಮಾ, ಎರಡನೇ ಬೇಸ್ ತೊಗೊಂಡೆ" ಅಂದ. ಮೊದಲನೆಯದಕ್ಕೇನಾಗಿತ್ತು ಅಂದೆ. ಏನೂ ಆಗಿರಲಿಲ್ಲವಂತೆ. ಅದರ ದನಿ ಚೂಪು, ಇದರದು ದುಂಡು. ತಂತಿಗೆ ಸುತ್ತಿದ ಎಳೆ ಪಟ್ಟಿಯ ಹಾಗೆ ಚಪ್ಪಟೆಯಾಗಿದ್ದರೆ ನಾದ ಮೆತ್ತಗೆ ಬರುತ್ತದಂತೆ. ಅಮೆರಿಕದ ಜೇಮ್ಸ್ ಜೇಮರ್‌ಸನ್ ಎಂಬ ಮಹಾ ಬೇಸ್ ವಾದಕ ಇಂಥ ತಂತಿ ಏರಿಸಿದನೆಂದರೆ ಹರಿಯುವತನಕ ಬದಲಿಸುತ್ತಿರಲಿಲ್ಲವಂತೆ.

"ಎಷ್ಟು ತಂತಿ ಅದಕ್ಕ?"

"ನಾಲ್ಕು, ಮಾಮಾ."

ಧಾರವಾಡ ಜಿಲ್ಲೆಯವನ ಮುಂದೆ ನಾಲ್ಕು ತಂತಿ ಅಂದರೆ ಅವನ ಮನಸ್ಸು ಒಂದೋ ಬೇಂದ್ರೆಯವರ ‘ನಾಕುತಂತಿ’ಗೆ ಹೋಗುತ್ತದೆ, ಇಲ್ಲವೇ ತಂಬೂರಿಗೆ. ‘ನಾಕುತಂತಿ’ಯಲ್ಲಿ ನನಗೆ ಪೂರ್ತಿ ಅರ್ಥವಾಗಿರುವುದು ಅದಕ್ಕೆ 1973ರ ಜ್ಞಾನಪೀಠ ಬಂತು ಎಂಬುದೊಂದೇ. ಆದ್ದರಿಂದ ತಂಬೂರಿಗೆ ಹೋದೆ. ಇಪ್ಪತ್ತೆಂಟು ವರ್ಷದ ಹುಡುಗನಿಗೆ ದುಂಡು ದನಿಗಾಗಿ ಎರಡನೆಯ ವಾದ್ಯ ಬೇಕಾದರೆ, ರಿಟೈರಾದ ಗಣಿತ ಮಾಸ್ತರನಿಗೆ ಯಾಕೆ ಬೇಡ?

ನಾನು ಕುಂದಗೋಳದವನು. ಹೀಗೆಂದ ಮೇಲೆ ‘ಹಾಡುತ್ತೀರಾ’ ಎಂದು ಯಾರೂ ಕೇಳುವುದಿಲ್ಲ, ‘ಯಾರ ಕಡೆ ಕಲಿತಿರಿ’ ಎಂದೇ ಕೇಳುತ್ತಾರೆ. ಊರಿನ ಗಾಳಿಯಲ್ಲೇ ಕಿರಾಣಾ ಘರಾಣೆಯ ಗಾಯನ ಇದೆ ಎಂದು ಅವರ ನಂಬಿಕೆ. ಸವಾಯಿ ಗಂಧರ್ವರು 1886ರಲ್ಲಿ ಹುಟ್ಟಿದ್ದು ಇಲ್ಲಿ, ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲು ಹತ್ತಿ ಅವರ ಪಾಠಕ್ಕೆ ಬರುತ್ತಿದ್ದುದು ಇಲ್ಲಿ, ಭೀಮಸೇನ ಜೋಶಿಯವರು ಗುರುಗಳ ಮನೆಗೆ ನೀರು ಹೊತ್ತು ಕಲಿತದ್ದು ಇಲ್ಲಿ. ನೀರು ಹೊರುವುದರ ಮಟ್ಟಿಗೆ ನಾನೂ ಭೀಮಸೇನರ ಸಾಲಿನವನೇ. ಹಾಡಿನ ಮಟ್ಟಿಗೆ, ಸೋಮವಾರದ ಭಜನೆಯಲ್ಲಿ ನನ್ನ ಸರದಿ ಬಂದಾಗ ನಾಲ್ಕು ಜನ ಚಹಾಕ್ಕೆ ಏಳುತ್ತಾರೆ, ಅಷ್ಟೇ.

ಮನೆಯಲ್ಲಿದ್ದ ತಂಬೂರಿಯ ದನಿ ಮಾತ್ರ ತಗಡಿನ ಡಬ್ಬಿಯಲ್ಲಿ ಜೇನುನೊಣ ಸಿಕ್ಕಿಬಿದ್ದ ಹಾಗಿತ್ತು. ನನ್ನ ದನಿ ಕೆಟ್ಟಿರುವುದು ಅದರಿಂದಲೇ ಎಂದು ಹತ್ತು ವರ್ಷದಿಂದ ಹೇಳಿಕೊಂಡು ಬಂದಿದ್ದೆ. ಕೇಳಿಸಿಕೊಂಡವರು ಯಾರೂ ಎದುರಾಡಿರಲಿಲ್ಲ. ತಂಬೂರಿಯೂ ಆಡಿರಲಿಲ್ಲ.

ಒಂದು ಸಂಜೆ, "ಜವಾರಿ ಸರಿ ಇಲ್ಲ" ಎಂದು ಗೊಣಗಿದೆ. ಒಳಗಿನಿಂದ ಹೆಂಡತಿ ಬದನೆಕಾಯಿ ಹಿಡಿದುಕೊಂಡೇ ಬಂದಳು. "ಸಂತ್ಯಾಗ ಜವಾರಿ ಅಂತನ ಹೇಳಿ ಕೊಟ್ಟಾನ್ರೀ. ಮುಳ್ಳ ನೋಡ್ರಿ ಬೇಕಾದ್ರ." ನಮ್ಮ ಸೀಮೆಯಲ್ಲಿ ಜವಾರಿ ಅಂದರೆ ನಾಟಿ: ಕೋಳಿ ಜವಾರಿ, ಜೋಳ ಜವಾರಿ, ಬದನೆ ಜವಾರಿ. ತಂಬೂರಿಗೂ ಒಂದು ಜವಾರಿ ಇದೆ, ಅದು ತಂತಿಗಳನ್ನು ಹೊರುವ ಘೋಡಿಯ ಮೇಲ್ಮೈಯ ಸಣ್ಣ ಇಳಿಜಾರು, ತಂತಿ ಅದನ್ನು ಸವರಿಕೊಂಡು ಕಂಪಿಸಿದಾಗಲೇ ಆ ಝೇಂಕಾರ ಹುಟ್ಟುವುದು, ಖುಲ್ಲಾ ಜವಾರಿಯಾದರೆ ದನಿ ಚೂಪು, ಗೋಲ ಜವಾರಿಯಾದರೆ ದುಂಡು ಎಂದು ವಿವರಿಸಿದೆ. ತಂತಿಯಲ್ಲಿ ಇರಬಾರದ ಸ್ವರಗಳೂ ತಂಬೂರಿಯಲ್ಲಿ ಕೇಳುತ್ತವೆಂದು ಸಿ.ವಿ. ರಾಮನ್ನರೇ 1921ರಲ್ಲಿ ಬರೆದಿದ್ದಾರೆ ಎಂದೂ ಸೇರಿಸಿದೆ. "ಇರಬಾರದ ಸ್ವರ ನಮಗೂ ಕೇಳಸ್ತಾವ್ರಿ, ದಿನಾ ಮುಂಜಾನಿ" ಅಂದು ಒಳಗೆ ಹೋದಳು.

ಘೋಡಿ ಉಜ್ಜುವ ಧೈರ್ಯ ನನಗಿರಲಿಲ್ಲ. ಉಳಿದದ್ದು ಜೀವಾ. ತಂತಿಗೂ ಘೋಡಿಗೂ ನಡುವೆ ಸಿಕ್ಕಿಸುವ ಹತ್ತಿಯ ಒಂದು ಎಳೆ. ಅದನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸುತ್ತಾ ಹೋದರೆ ಎಲ್ಲೋ ಒಂದು ಕಡೆ ತಂತಿ ಬಾಯಿ ತೆರೆಯುತ್ತದೆ. ಇದಕ್ಕೆ ಜೀವಾ ಎಂದು ಹೆಸರಿಟ್ಟವನು ಅದನ್ನು ರಾತ್ರಿ ಹನ್ನೊಂದಕ್ಕೆ ಹುಡುಕಿದವನೇ ಇರಬೇಕು.

ಏಕೆಂದರೆ ನಾನೂ ಶುರುಮಾಡಿದ್ದು ಹನ್ನೊಂದಕ್ಕೆ. ಮೊದಲು ಹೂ ಕಟ್ಟುವ ದಾರ. ತಂತಿ ಕೆಮ್ಮಿತು. ಹೊಲಿಗೆ ದಾರ ಹಾಕಿದೆ. ಅದು ಪಾಲಿಸ್ಟರು, ದನಿ ಪಟ್ಟಣಕ್ಕೆ ಹೋಗಿಬಂದ ಹುಡುಗನಂತಾಯಿತು. ದೇವರ ಮುಂದಿನ ಬತ್ತಿ ಬಿಚ್ಚಿದೆ. ಎಣ್ಣೆ ಇಳಿದು ಘೋಡಿಯೆಲ್ಲ ಜಿಡ್ಡು, ಒರೆಸಲು ಕಾಲು ಗಂಟೆ. ಕೌದಿಯ ದಾರ ನಡುವಿನ ಜೋಡಿ ತಂತಿಗೆ ಒಪ್ಪಿತು, ಪಂಚಮಕ್ಕೆ ಒಪ್ಪಲಿಲ್ಲ. ಒಂದು ಗಂಟೆಗೆ ಕರೆಂಟು ಹೋಯಿತು. ಕತ್ತಲೆಯಲ್ಲಿ ಕೂತವನ ಅಂಗೈಗೆ ಕೆಳಗಿನ ಜಮಖಾನ ತಾಗಿತು.

ಅದು ನವಲಗುಂದದ ಜಮಖಾನ. ಹೆಂಡತಿಯ ತವರಿನವರು ಮದುವೆಯಲ್ಲಿ ಕೊಟ್ಟದ್ದು, ಪಗಡೆ ಹಾಸಿನ ವಿನ್ಯಾಸದ್ದು. ಅಲ್ಲಿನ ಹೆಣ್ಣುಮಕ್ಕಳು ನಿಲುವು ಮಗ್ಗದ ಮುಂದೆ ಕೂತು ಕೈಯಲ್ಲೇ ನೇಯ್ದ ಅಸಲಿ ಹತ್ತಿ. ಗೊಂಡೆಯಿಂದ ಒಂದು ಬಿಳಿ ಎಳೆ ಕಿತ್ತೆ. ಪರವಾಗಿಲ್ಲ ಅನ್ನಿಸಿತು. ಇನ್ನೊಂದು ಕಿತ್ತೆ. ಮೊಬೈಲಿನ ಬೆಳಕು ಹಿಡಿದು ನೋಡಿದರೆ ಅಂಚಿನ ಕೆಂಪು ಎಳೆ ಇನ್ನೂ ಮೃದುವಾಗಿತ್ತು. ಎಳೆದೆ. ಬಂತು. ಬಂದ ಎಳೆಯ ಹಿಂದೆ ಅದರ ಬಳಗವೂ ಬಂತು. ಅದನ್ನು ಉಗುರಿನಿಂದ ಸೀಳಿ, ಅರ್ಧಂಬರ್ಧ ಎಳೆಯನ್ನು ಪಂಚಮದ ಕೆಳಗೆ ತೂರಿಸಿ, ಉಸಿರು ಹಿಡಿದು ಮೀಟಿದೆ.

ಏನು ಹೇಳಲಿ! ಒಂದೇ ಒಂದು ಸಲ, ಎರಡು ಉಸಿರಿನಷ್ಟು ಹೊತ್ತು, ತಂಬೂರಿ ತುಂಬಿದ ಕೊಡದಂತೆ ಅಂದಿತು. ಆಮೇಲೆ ಬೆರಳು ತಾಗಿ ಎಳೆ ಜಾರಿತು. ಆ ಜಾಗ ಮತ್ತೆ ಸಿಗಲಿಲ್ಲ. ಸಿಗಲೇಬೇಕೆಂದು ಇನ್ನೊಂದು ಎಳೆ, ಮತ್ತೊಂದು. ನಸುಕಿನಲ್ಲಿ ಬೆಳಕು ಮೂಡಿದಾಗ ನೋಡಿದರೆ ಪಗಡೆ ಹಾಸಿನ ಅಂಚಿನ ಮನೆಗಳು ಒಂದು ಸಾಲು ಇಲ್ಲ. ಜಮಖಾನವನ್ನು ಆ ಮೂಲೆ ಗೋಡೆಗೆ ಬರುವಂತೆ ತಿರುಗಿಸಿ ಹಾಸಿದೆ. ಮೂರನೆಯ ದಿನ ಹೆಂಡತಿ ಕಂಡುಹಿಡಿದಳು. ನಾನು, ಈಗಲೂ ನಾಚಿಕೆಯಾಗುತ್ತದೆ, "ಇಲಿ" ಅಂದೆ. ಅವಳು ಇಲಿಬೋನು ತರಿಸಿ, ಒಣಕೊಬ್ಬರಿ ಸಿಕ್ಕಿಸಿ ಇಟ್ಟಳು. ದುರ್ದೈವಕ್ಕೆ ಅದರಲ್ಲಿ ಒಂದು ಇಲಿ ನಿಜಕ್ಕೂ ಬಿತ್ತು. ನಿರಪರಾಧಿ.

ಇಷ್ಟಾದ ಮೇಲೂ ಬುದ್ಧಿ ಬರಲಿಲ್ಲ. ದಪ್ಪ ತಂತಿ ಹಾಕಿದರೆ ದುಂಡಾದೀತೆಂದು, ಹುಡುಗ ಕಳಿಸಿದ ಹಳೆಯ ಬೇಸ್ ಗಿಟಾರ್ ತಂತಿಯೊಂದನ್ನು ಖರ್ಜಕ್ಕೆ, ಅಂದರೆ ಕೆಳಷಡ್ಜದ ತಂತಿಯ ಜಾಗಕ್ಕೆ, ಏರಿಸಲು ಹೋದೆ. ಬಿರಡೆಯ ತೂತಿನಲ್ಲಿ ಅದರ ತುದಿಯೂ ಹೋಗಲಿಲ್ಲ. ಒಂದು ಬಿರಡೆ ಬಿರುಕು ಬಿಟ್ಟಿತು. ಕೊನೆಗೆ ಮಿರಜಕ್ಕೆ ಹೊರಟೆ.

ನಮ್ಮ ಕಡೆಯಿಂದ ಮಿರಜಕ್ಕೆ ಹೋಗುವವರು ಎರಡೇ ಬಗೆ: ದವಾಖಾನೆಗೆ ಹೋಗುವವರು, ತಂಬೂರಿಗೆ ಹೋಗುವವರು. ಮೊದಲನೆಯವರೇ ಹೆಚ್ಚು. ಕೌದಿ ಸುತ್ತಿ ತೊಡೆಯ ಮೇಲೆ ಮಲಗಿಸಿಕೊಂಡ ತಂಬೂರಿಯನ್ನು ನೋಡಿ ಎದುರಿಗೆ ಕೂತ ಅಜ್ಜಿ ಘಟಪ್ರಭಾವರೆಗೂ ಕಣ್ಣು ಕೀಳಲಿಲ್ಲ. ಆಮೇಲೆ ಮೆಲ್ಲಗೆ, "ಏನಾಗೇತ್ರಿ ಕೂಸಿಗೆ?" ಅಂದಳು. ನಿದ್ದೆಗಣ್ಣಿನಲ್ಲಿ ನಾನು "ದನಿ ಹೋಗೇತ್ರಿ" ಅಂದೆ. ಅವಳು ಉಡಿಯಿಂದ ಅಂಗಾರ ತೆಗೆದು ಕೌದಿಯ ಮೇಲಿಂದಲೇ ತಂಬೂರಿಯ ಕುಂಬಳಕಾಯಿ ಬುರುಡೆಗೆ ಹಚ್ಚಿದಳು. ತಿದ್ದಲು ಬಾಯಿ ಬರಲಿಲ್ಲ.

ಮಿರಜದ ಈ ಕಸುಬು ಶುರುವಾದದ್ದು ಕತ್ತಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರರ ಮನೆತನದಿಂದ, 19ನೆಯ ಶತಮಾನದಲ್ಲಿ. ಫರೀದಸಾಹೇಬರು ಮೊದಲಿಗರು. 2024ರಲ್ಲಿ ಇಲ್ಲಿನ ಸಿತಾರ್, ತಂಬೂರಿಗಳಿಗೆ ಜಿಐ ಮಾನ್ಯತೆ ಬಂದಿದೆ. ನವಲಗುಂದದ ಜಮಖಾನಕ್ಕೂ ಅದು ಇದೆ. ಅಂದರೆ ಒಂದರ ಗಂಟಲು ರಿಪೇರಿಗೆ ಇನ್ನೊಂದರ ಚರ್ಮ ಸುಲಿದಿದ್ದೆ.

ಅಂಗಡಿಯ ಹಿರಿಯರು ತಂಬೂರಿಯನ್ನು ಅಡ್ಡ ಮಲಗಿಸಿ, ಗೇಣು ಹಾಕಿ, "ಯಾವ ಸುರಕ್ಕ ಹಾಡ್ತೀರಿ?" ಅಂದರು.

"ಕಾಳಿ ಒಂದು," ಅಂದೆ, ಹಾರ್ಮೋನಿಯಮ್ಮಿನ ಮೊದಲನೆಯ ಕರಿ ಮನೆ.

ಅವರು ನನ್ನನ್ನು ನೋಡಿದ ನೋಟ, ವರ್ಗಮೂಲ ಬರದ ಹುಡುಗನನ್ನು ನಾನು ಮೂವತ್ತು ವರ್ಷ ನೋಡಿದ ನೋಟ. "ಮಾಸ್ತರ, ಇದು ಜನಾನಾ ತಂಬೂರಿ. ಕಾಳಿ ಐದರದ್ದು. ನೀವು ತಂತಿ ಸಡಿಲ ಬಿಟ್ಟೀರಿ, ಅದು ಪಾಪ ಒದರಾಕತ್ತೇತಿ."

ನಾನು ಬಿಡಲಿಲ್ಲ. ಗಂಡುದನಿ ಹೆಣ್ಣುದನಿ ಎಂಬ ಲೆಕ್ಕವನ್ನೇ ಗಂಗೂಬಾಯಿಯವರು ಅಳಿಸಿಹಾಕಿದ ಊರಿನವನು ನಾನು ಅಂದೆ. ಹಿರಿಯರು ನಕ್ಕರು. "ದನಿಗೆ ಗಂಡು ಹೆಣ್ಣು ಇಲ್ಲರಿ. ತಂತಿಗೆ ಉದ್ದ ಐತಿ."

ಅಲ್ಲೇ ಕೂತು ಲೆಕ್ಕ ಹಾಕಿದೆ. ಕಾಳಿ ಐದರಿಂದ ಕೆಳಗಿನ ಕಾಳಿ ಒಂದಕ್ಕೆ ಬಂದರೆ ಒಂಬತ್ತು ಮನೆ ಇಳಿದಂತೆ. ಅದೇ ಉದ್ದ, ಅದೇ ತಂತಿಯಾದರೆ ಬಿಗಿತ ಸುಮಾರು ಮೂರರಲ್ಲೊಂದು ಪಾಲಿಗೆ ಬರುತ್ತದೆ. ಇದನ್ನು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೆ! ಆದರೆ ಆ ತಂತಿ ಯಾವಾಗಲೂ ‘ಒಂದು ತಂತಿ’ಯಾಗಿತ್ತು, ನಮ್ಮ ಮನೆಯದಾಗಿರಲಿಲ್ಲ.

ಈ ತಂಬೂರಿ ನಮ್ಮ ಮನೆಯದೂ ಅಲ್ಲ, ಅಕ್ಕನದು. ಹದಿನೆಂಟರವರೆಗೆ ದಿನಾ ಮುಂಜಾನೆ ಕಾಳಿ ಐದಕ್ಕೆ ಕೂತು ಹಾಡುತ್ತಿದ್ದಳು. ನೋಡಲು ಬಂದವರು ಹುಡುಗಿಗೆ ಹಾಡು ಬರುತ್ತದೆ ಎಂದೇ ಒಪ್ಪಿದರು, ಹಾಡಲಿ ಎಂದಲ್ಲ. ತಂಬೂರಿ ತವರಲ್ಲೇ ಉಳಿಯಿತು. ಹೊಲದ ಪಾಲು ಬಂದ ಹಾಗೆ ಅದೂ ನನಗೇ ಬಂತು, ಯಾರೂ ಅವಳನ್ನು ಕೇಳಲಿಲ್ಲ. ನಾನಂತೂ ಕೇಳಲಿಲ್ಲ. ಕೇಳದೆ ತೆಗೆದುಕೊಂಡದ್ದಲ್ಲದೆ, ಅದರ ದನಿ ಕೆಟ್ಟದ್ದೆಂದು ಹತ್ತು ವರ್ಷ ಊರೆಲ್ಲ ಹೇಳಿಕೊಂಡು ಬಂದೆ.

ಎರಡನೆಯ ತಂಬೂರಿಯನ್ನು ಆರಿಸುವುದು ಬೇಗ ಮುಗಿಯಿತು. ಐದಡಿಯ ಗಂಡು ತಂಬೂರಿ. ಎಲುಬಿನ ಘೋಡಿಯ ಬದಲು ಕರಿಮರದ್ದು, ಅದರ ಮಾತು ತುಸು ಮೆತ್ತಗೆ. ಜೋಡಿಗೆ ಉಕ್ಕು, ಖರ್ಜಕ್ಕೆ ಹಿತ್ತಾಳೆ, ಜವಾರಿ ಗೋಲ. ಒಂದು ತಿಂಗಳ ಪೆನ್ಶನ್ ಇಟ್ಟು ಬಂದೆ. ಹಳೆಯದಕ್ಕೆ ಹೊಸ ಬಿರಡೆ, ಸಣ್ಣ ತಂತಿ ಹಾಕಿ ಕಾಳಿ ಐದಕ್ಕೆ ಕೂಡಿಸಿಕೊಟ್ಟರು. ಮನೆಗೆ ಬಂದು ದೊಡ್ಡದನ್ನು ಮೀಟಿ ಹಾಡಿದೆ. ತಂಬೂರಿಯ ದನಿ ಎಷ್ಟು ಚೆಂದ ಇತ್ತೆಂದರೆ ನನ್ನದು ಹೇಗಿದೆ ಎಂದು ಮೊದಲ ಸಲ ಸ್ಪಷ್ಟವಾಗಿ ಕೇಳಿಸಿತು.

ಪಂಚಮಿಗೆ ಅಕ್ಕ ಬಂದಳು, ಎಳ್ಳಿನ ಉಂಡಿ, ಶೇಂಗಾದ ಉಂಡಿ ಕಟ್ಟಿಕೊಂಡು. ಮೂಲೆಯಲ್ಲಿ ಎರಡು ತಂಬೂರಿ ನೋಡಿ, "ಇರೂದು ಒಂದ ಬಾಯಿ, ಎರಡ್ಯಾಕೋ ತಮ್ಮಾ?" ಅಂದಳು. ಸಣ್ಣದನ್ನು ತಾನೇ ಎತ್ತಿಕೊಂಡು ಜಮಖಾನದ ಮೇಲೆ ಕೂತಳು. ಹಾಡುತ್ತಾಳೆಂದು ಕಾದೆ. ಹಾಡಲಿಲ್ಲ. ಮೊದಲ ತಂತಿ ಮೀಟಿ, "ಪಂಚಮ ಇಳದೈತಿ" ಅಂದಳು. ಬಿರಡೆ ತಿರುವಿದಳು, ಮಣಿ ಸರಿಸಿದಳು. ಮಿರಜದವರು ಹಾಕಿದ್ದ ಎಳೆ ಜಾರಿಹೋಗಿದ್ದಕ್ಕೆ ನಾನು ಹಿಂದಿನ ದಿನವಷ್ಟೇ ನನ್ನ ಸಂಗ್ರಹದಿಂದ ಒಂದನ್ನು ತೂರಿಸಿದ್ದೆ. ಅದನ್ನು ಮೆಲ್ಲಗೆ ಹೊರಗೆಳೆದು ಬೆಳಕಿಗೆ ಹಿಡಿದಳು.

"ಇದೇನೋ, ಕೆಂಪು ಎಳಿ?"

ಹೋಳಿಗೆಯ ಹೂರಣ ರುಬ್ಬುತ್ತಿದ್ದ ಸದ್ದು ಒಳಗೆ ನಿಂತಿತು. ಹೆಂಡತಿ ಬಾಗಿಲಿಗೆ ಬಂದು ಎಳೆಯನ್ನು ನೋಡಿದಳು, ಜಮಖಾನದ ಮೂಲೆಯನ್ನು ನೋಡಿದಳು, ಕಡೆಗೆ ನನ್ನನ್ನು ನೋಡಿದಳು. ಅಕ್ಕನಿಗೆ ಎಲ್ಲ ತಿಳಿಯಲು ಅಷ್ಟೇ ಹೊತ್ತು ಹಿಡಿಯಿತು. ತಂಬೂರಿಯನ್ನು ತಬ್ಬಿಕೊಂಡೇ ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು. ಆ ನಗುವಿಗೆ ತಂತಿಗಳೂ ಮೆಲ್ಲಗೆ ಝೇಂಕರಿಸಿದವು. ಸುರ ಈಗಲೂ ಕಾಳಿ ಐದೇ.

ಹೆಂಡತಿ ಏನೂ ಅನ್ನಲಿಲ್ಲ. ಹಿತ್ತಲಿಗೆ ಹೋಗಿ ಇಲಿಬೋನು ತಂದು, ಅದರಲ್ಲಿ ಒಂದು ಶೇಂಗಾ ಉಂಡಿ ಸಿಕ್ಕಿಸಿ, ನನ್ನ ಮುಂದೆ ಇಟ್ಟಳು.